ಒಗರು

ನೆಲಮಾಳಿಗೆಗೆ ಹದಿನಾಲ್ಕು ಮೆಟ್ಟಿಲು.
ಹನ್ನೊಂದನೆಯದು ಸವೆದಿದೆ, ಕಾಲು ಜೋಪಾನ
ಎನ್ನುತ್ತಾಳೆ ಕ್ಲೋಟಿಲ್ಡ್, ಪ್ರತಿ ವರ್ಷದಂತೆ,
ಮೇಣದಬತ್ತಿಯನ್ನು ನನ್ನತ್ತ ಚಾಚಿ.
ಅವಳಿಗೆ ಗೊತ್ತಿಲ್ಲ
ಫೆಬ್ರವರಿಯ ಜ್ವರ ನನ್ನ ಮೂಗನ್ನು ಕೊಂಡೊಯ್ದದ್ದು.
ಇದ್ದಲ್ಲೇ ಇದೆ, ಕನ್ನಡಕ ಹೊರಲು ಸಾಕು.

ಬೋನ್ ಪೇಟೆಯಲ್ಲಿ ಯಾರಿಗೂ ಹೇಳಿಲ್ಲ.
ವೈನಿನ ದಲ್ಲಾಳಿಗೆ ಮೂಗೇ ಹೊಲ, ಮೂಗೇ ನೇಗಿಲು.
ಹೆಂಡತಿಗೆ ಮಾತ್ರ ಗೊತ್ತು:
ಒಲೆಯ ಮೇಲೆ ಹಾಲು ಸೀದು ಕರಿಯಾದಾಗ
ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದೆ.

ಬಿರಡೆ ಕಿತ್ತಳು. ಗಾಜಿನ ಕೊಳವೆ ಇಳಿಸಿ
ಹೆಬ್ಬೆರಳಲ್ಲಿ ಬಾಯಿ ಮುಚ್ಚಿ ಎತ್ತಿ
ಎರಡು ಗುಟುಕು ನನ್ನ ಲೋಟಕ್ಕೆ ಬಿಟ್ಟಳು.
ಗಂಡಸರೆಲ್ಲ ಯುದ್ಧಕ್ಕೆ ಹೋದ ವರ್ಷ
ಅವಳಜ್ಜಿ ನೆಟ್ಟ ಬಳ್ಳಿಯದು:
ಮೊಣಕಾಲೆತ್ತರ, ಮೈಯೆಲ್ಲ ಗಂಟು,
ಬುಡಕ್ಕೆ ನಾಲ್ಕೇ ಗೊಂಚಲು, ಅವೂ ಮಗುವಿನ ಮುಷ್ಟಿಯಷ್ಟು.
"ಕಿತ್ತುಬಿಡೋಣ ಅಂತಾನೆ ಅಳಿಯ.
ನವೆಂಬರಿಗೆ ಯಂತ್ರ ಗೊತ್ತು ಮಾಡಿದ್ದಾನೆ.
ನೀವೊಂದು ಬೆಲೆ ಹೇಳಿ, ಎವ್ರಾರ್."

ದೀಪಕ್ಕೆ ಹಿಡಿದೆ. ತೆಳು ಕೆಂಪು, ಅಂಚಿನಲ್ಲಿ ಇನ್ನೂ ನೇರಳೆ;
ಆಚೆ ಬದಿಯ ಬೆರಳ ಗೆರೆ ಕಾಣುತ್ತದೆ.
ಮೂಗನ್ನು ಲೋಟದೊಳಗಿಟ್ಟೆ
ಖಾಲಿ ಮನೆಯ ಬಾಗಿಲು ತಟ್ಟುವವನಂತೆ,
ಏಳರವರೆಗೆ ಎಣಿಸಿದೆ (ಮೊದಲು ಅಷ್ಟು ಹೊತ್ತು ಬೇಕಿತ್ತು),
ಆಮೇಲೆ ಬಾಯಿಗೆ.

ನಾಲಗೆಯ ಎರಡೂ ಬದಿಗೆ ಹುಳಿ, ನೆಟ್ಟಗೆ, ನೂಲು ಹಿಡಿದಂತೆ.
ನಡುವೆ ಏನೋ ತೂಕ.
ರೇಷ್ಮೆ ಎನ್ನಲೆ? ಸಾವಿರ ಸಲ ಅಂದಿದ್ದೇನೆ.
ಅಲ್ಲ, ಒದ್ದೆ ಕಲ್ಲಿನ ಮೇಲೆ ಇಟ್ಟ ಅಂಗೈ.
ಕೊನೆಗೆ ಒಗರು ಬಂತು.
ಒರಟಲ್ಲ. ಒಂದೊಂದೇ ಹಲ್ಲು ಮುಟ್ಟಿ ಲೆಕ್ಕ ಹಾಕುತ್ತ
ಕೆನ್ನೆಯ ಒಳಗೋಡೆಗೆ ಒರಗಿ ಕೂತಿತು.
ಜಲ್ಲಿಗೆ ಉಗಿದೆ. ಆಗಲೂ ಏಳಲಿಲ್ಲ.

ಚೆರ್ರಿ, ಎಂದೆ. ಹಳೆಯ ಗುಲಾಬಿ. ಮಳೆ ಕುಡಿದ ಎಲೆ.
ಬಾಯಿಪಾಠ. ಯಾವ ಪೀಪಾಯಿಗೂ ಸಲ್ಲುವ ಮಂತ್ರ.

ಕ್ಲೋಟಿಲ್ಡ್ ನನ್ನ ಕೈಯಿಂದ ಲೋಟ ತೆಗೆದುಕೊಂಡು
ತಾನೇ ಮೂಸಿದಳು, ಕಣ್ಣು ಮುಚ್ಚಿ, ತುಂಬ ಹೊತ್ತು.
"ಗುಲಾಬಿ ಇಲ್ಲ," ಎಂದಳು.
"ಕುದುರೆಯ ಜೀನು ಇದೆ. ಒಣಗಿದ ಕಿತ್ತಳೆ ಸಿಪ್ಪೆ.
ಅಪ್ಪ ಬೆಂಕಿಪೊಟ್ಟಣ ಇಡುತ್ತಿದ್ದ ಜೇಬು.
ಬರಕೊಳ್ಳಿ."
ಬರೆದುಕೊಂಡೆ.
ಯಾವಾಗಿನಿಂದ ಎಂದು ಅವಳು ಕೇಳಲಿಲ್ಲ.

ಮಾರುವವಳ ಮಾತು.
ಸತ್ತ ಮೂಗಿಗೂ ತುಪ್ಪ ಸವರಿದಳೋ ಏನೋ,
ಸವರಿದ್ದರೂ ಘಮ ಬರುವಂತಿಲ್ಲವಲ್ಲ.
ಸೀಮೆಸುಣ್ಣದಲ್ಲಿ ಪೀಪಾಯಿಯ ಮುಖಕ್ಕೆ ಬೆಲೆ ಗೀಚಿದೆ,
ಹೋದ ವರ್ಷದ ಎರಡರಷ್ಟು.
ಅವಳು ನೋಡಿ, ನನ್ನ ಏಳನ್ನು ಹೆಬ್ಬೆರಳಲ್ಲಿ ಒರೆಸಿ
ಒಂಬತ್ತು ಮಾಡಿದಳು. ಸುಮ್ಮನಿದ್ದೆ.

ಊರು ದಾಟಿ ಕಾರು ನಿಲ್ಲಿಸಿದೆ.
ಸುಣ್ಣಕಲ್ಲಿನ ಗೋಡೆಯಾಚೆ ಆ ಬುಡಗಳು, ಎಲೆ ಹಳದಿ,
ಕೆಮ್ಮಲೆಂದು ನಡುರಾತ್ರಿ ಎದ್ದು ಕೂತವರ ಹಾಗೆ.
ಕೆನ್ನೆಯೊಳಗೆ ನಾಲಗೆ ಆಡಿಸಿದೆ.
ಇತ್ತು. ಇನ್ನೂ ಇತ್ತು.