ಗ್ಲಾಸಿನ ಅಂಚು

ಗಡಿಯಾರ ಕಂಬದಿಂದ ಎಡಕ್ಕೆ ಮೂರನೇ ಅಂಗಡಿ ನಂದು,
ಕಬ್ಬಿನ ಹಾಲು. ಎತ್ತು ಹೋಗಿ ಮೋಟಾರು ಬಂದ ಮೇಲೂ
ಗಾಣದ ಗೆಜ್ಜೆ ಬಿಚ್ಚಲಿಲ್ಲ;
ಸದ್ದಿಗೆ ಜನ ಬರ್ತಾರೆ.

ಹುಲಿಗೆಮ್ಮ ಬಂದಿದ್ದು ಗಿರಾಕಿ ಇಲ್ಲದ ಹೊತ್ತಿಗೆ.
ಹೆಗಲ ಮೇಲೆ ಸಕ್ಕರೆ ಚೀಲ. ಮಾತಿಲ್ಲ.
ಸಿಪ್ಪೆಯ ಪಕ್ಕದ ಕಲ್ಲಿನ ಮೇಲೆ ಬಾಯಿ ಬಿಚ್ಚಿ ಸುರಿದಳು:
ಕೆಂಪು, ಹಸಿರು, ಗೆರೆ ಎಳೆದ ಬಿಳಿ,
ಹಲ್ಲಲ್ಲಿ ಕಚ್ಚಿ ಚಪ್ಪಟೆಯಾದವು, ಗಂಟು ಹಾಕಿ ಎಸೆದವು,
ತುದಿಗೆ ಲಿಪ್‌ಸ್ಟಿಕ್ ಅಂಟಿದ್ದು, ಒಳಗೆ ಇರುವೆ ಸತ್ತದ್ದು.
"ಹದಿನೆಂಟು ದಿನದ್ದು ಬಕ್ಕೇಶಣ್ಣ.
ಮೋರಿ ಜಾಲರಿಯಾಗ ಸಿಕ್ಕಿದ್ದು ಇಷ್ಟು,
ಹರಿದು ಹೋಗಿದ್ದರ ಲೆಕ್ಕ ಆ ನೀರಿಗೇ ಗೊತ್ತು.
ನಿಮ್ಮ ಸಾಮಾನು ನಿಮಗ. ನನ್ನ ಕೈಗೆ ನಂಜಾಗೈತಿ."
ಅಂಗೈ ತೋರಿಸಿದಳು.
ನಾನು ಗಾಣದ ಕಡೆ ನೋಡಿದೆ.

ಪೈಪು ಅಂತೀವಿ ನಾವು ಅದನ್ನ.
ನಾಲ್ಕು ಗುಟುಕು, ಒಂದು ತೇಗು.
ಆಮೇಲೆ ಅದಕ್ಕೆ ಕೆಲಸವೂ ಇಲ್ಲ,
ಸಾವೂ ಇಲ್ಲ.

ಸಂಜೆ ಚಮನ್‌ಸಾಬರ ಮಂಡಕ್ಕಿ ಅಂಗಡಿಯಲ್ಲಿ ಕೂತೆವು,
ಎಳನೀರಿನ ಜಬೀವುಲ್ಲಾ, ಲಸ್ಸಿ ಪಾಲಾಕ್ಷಿ,
ಸೋಡಾ ಗಂಗಪ್ಪನ ಮಗಳು, ಒಟ್ಟು ಹನ್ನೊಂದು ಗಾಡಿಯವರು,
ನಡುವೆ ಬಿಸಿ ಮಿರ್ಚಿಯ ಗುಡ್ಡೆ.
ಪಾಲಾಕ್ಷಿ ಕೂಗಾಡಿದ: "ಗಿರಾಕಿ ಆಚೆ ಬೀದಿಗೆ ಹೋಗ್ತಾರೆ!"
"ಆಚೆ ಬೀದೀನೂ ಹುಲಿಗೆಮ್ಮನೇ ಗುಡಿಸೋದು"
ಅಂದರು ಚಮನ್‌ಸಾಬರು, ಖಾರ ನೆತ್ತಿಗೇರಿ ಕೆಮ್ಮುತ್ತಾ.
ಬೋರ್ಡು ಬರೆಸಲಿಲ್ಲ, ಪ್ರತಿಜ್ಞೆ ಗಿತಿಜ್ಞೆ ಇಲ್ಲ.
ಇದ್ದಬದ್ದ ಪಾಕೀಟು ಒಂದು ಡಬ್ಬಕ್ಕೆ ತುಂಬಿ
ಬೀಗದಕೈ ಜಬೀವುಲ್ಲಾನಿಗೆ ಕೊಟ್ಟೆವು.

ಮೊದಲ ವಾರ ಊರಿಗೆ ಕುಡಿಯೋದೇ ಮರೆತಂತಿತ್ತು.
ಎಳನೀರು ಎತ್ತಿದ ಬ್ಯಾಂಕ್ ಮ್ಯಾನೇಜರು
ಅಂಗಿ ತೋಯಿಸಿಕೊಂಡು ತಾವೇ ನಕ್ಕರು.
ಒಂದು ಕೂಸು ಮೊಣಕೈವರೆಗೂ ನೆಕ್ಕಿತು.
ಕಾಲೇಜು ಹುಡುಗಿಯರು ಕತ್ತು ಹಿಂದಕ್ಕೆ ಚೆಲ್ಲಿ, ಕಾಯಿ ಎತ್ತಿ...
ಈ ಬೀದಿಯಲ್ಲಿ ಇಷ್ಟು ಜನ
ಒಟ್ಟಿಗೆ ಆಕಾಶ ನೋಡಿದ್ದು ಅದೇ ಮೊದಲಿರಬೇಕು.

ಡಬ್ಬದ ಬೀಗ ದಿನಕ್ಕೊಮ್ಮೆ ತೆಗೀತೀವಿ.
ಲಕ್ವ ಹೊಡೆದ ಟೈಲರ್ ಶೇಷಗಿರಿಗೆ ಪೈಪು ಬೇಕು.
ಬೇಕಾದವರಿಗೆ ಬೇಕು. ಅದರಲ್ಲಿ ವಾದವಿಲ್ಲ.

ಉಳಿದವರು ಕೇಳಿದರು, ದನಿ ತಗ್ಗಿಸಿ:
"ಈ ಗ್ಲಾಸಿಗೆ ಯಾರ್ಯಾರು ಬಾಯಿಟ್ಟಿದ್ದಾರೋ?"
ಬಿಸಿನೀರು, ಸೋಪು. ಕಾಣೋ ಹಾಗೆ ತೊಳೆದೆ.
ಎರಡು ತುಟಿಗಳ ನಡುವೆ ಅಷ್ಟು ತೆಳ್ಳನೆ ಬೇಲಿ
ಇಷ್ಟು ವರ್ಷ ನಿಂತಿತ್ತು ಅಂತ ಆಗ ಗೊತ್ತಾಯಿತು.

ಹುಲಿಗೆಮ್ಮನಿಗೆ ನಾನು ಕೊಡ್ತಿದ್ದದ್ದು
ಯಾವತ್ತೂ ಪ್ಲಾಸ್ಟಿಕ್ ಲೋಟ, ಅದರೊಳಗೊಂದು ಪೈಪು.
ದುಡ್ಡು ತಗೋತಿರಲಿಲ್ಲ.
ಅದನ್ನೇ ದೊಡ್ಡತನ ಅಂದ್ಕೊಂಡಿದ್ದೆ.

ಮೊನ್ನೆ ಬಂದಳು. ಚೀಲ ಇರಲಿಲ್ಲ.
ಹತ್ತರ ಎರಡು ನೋಟು ಕಲ್ಲಿನ ಮೇಲಿಟ್ಟಳು.
"ಒಂದು ಕಬ್ಬಿನಾಲು. ಯಾತರಾಗ ಕೊಡ್ತೀರಿ?"
ಕೈ ಕೆಳಗಿನ ಗೂಡಿಗೆ ಹೋಯಿತು, ಅಭ್ಯಾಸ.
ಗೂಡು ಖಾಲಿ. ನಾವೇ ಖಾಲಿ ಮಾಡಿದ್ದು.
ಇಡೀ ಬೀದಿ ನನ್ನ ಕೈ ನೋಡಿದ ಹಾಗನ್ನಿಸಿತು;
ಯಾರೂ ನೋಡುತ್ತಿರಲಿಲ್ಲ.

ಉದ್ದ ಗ್ಲಾಸು ತೆಗೆದೆ. ಶುಂಠಿ, ನಿಂಬೆ.
ನೊರೆ ಇಳಿಯುವವರೆಗೂ ಕಾದೆ.
ಅಂಚಿಗೆ ತುಟಿ ಇಟ್ಟು
ಅವಸರವಿಲ್ಲದೆ ಕುಡಿದಳು.
ಕುಡಿದದ್ದೇ ಬಕೀಟಿನ ಕಡೆ ಬಗ್ಗಿದಳು, ತೊಳೆಯೋಕೆ.
"ಬಿಡು, ಹುಲಿಗೆಮ್ಮ" ಅಂದೆ.
ನನ್ನ ದನಿ ನನಗೇ ತಡವಾಗಿ ಕೇಳಿಸಿತು.

ತೊಳೆದು ಬೋರಲು ಹಾಕಿದೆ, ಉಳಿದವುಗಳ ಸಾಲಿಗೆ.
ಸಂಜೆ ಗಿರಾಕಿ ನೆರೆದಾಗ
ಅದು ಯಾವುದು ಅಂತ ಹುಡುಕಿದೆ, ಸುಳ್ಳು ಯಾಕೆ ಹೇಳಲಿ.
ಗೊತ್ತಾಗಲಿಲ್ಲ.