ಐದೂವರೆ ಪಾಯಿಂಟು

ತಮಲೆಯ ಪೇಟೆಬೀದಿಯಲ್ಲಿ ನನ್ನದೊಂದು ಅಚ್ಚಿನಂಗಡಿ:
ಒಂದು ಪ್ರಿಂಟರು, ಒಂದು ಕತ್ತರಿ, ಕಿರುಗುಟ್ಟುವ ಫ್ಯಾನು.
ಹರ್ಮಟ್ಟಾನ್ ಗಾಳಿ ಬೀಸುವ ತಿಂಗಳಲ್ಲಿ
ಊರಿಗೆಲ್ಲ ತುಟಿ ಒಡೆಯುತ್ತದೆ, ಕೂದಲು ತುಂಡಾಗುತ್ತದೆ,
ನನಗೆ ಕೈತುಂಬ ಕೆಲಸ.

ಡಬ್ಬಿಯ ಮುಂಬದಿಗೆ ಬೇಕಾದ್ದು ಬಾಯಿಪಾಠ.
ಸೀಳಿದ ಶಿಯಾ ಕಾಯಿ, ಎರಡು ಹಸಿರೆಲೆ,
ನೂರಕ್ಕೆ ನೂರು ನೈಸರ್ಗಿಕ.
ಅದೇ ಎಲೆಯನ್ನು ಹದಿನೇಳು ಕಂಪನಿಗೆ ಮಾರಿದ್ದೇನೆ.
ಅದು ಶಿಯಾದ ಎಲೆಯೂ ಅಲ್ಲ,
ಯಾವುದೋ ಪುದೀನ.

ಹಿಂಬದಿಯಲ್ಲಿ ಸುಳ್ಳು ಹೇಳುವಂತಿಲ್ಲ.
ಹೆಚ್ಚಿರುವುದು ಮೊದಲು, ಕಡಿಮೆಯದು ಕೊನೆಗೆ,
ಕಾನೂನು ಹಾಕಿದ ಪಂಕ್ತಿ ಅದು.
ಆದರೆ ಕಣ್ಣಿಗೆ ಸಿಗದಷ್ಟು ಸಣ್ಣಗೆ ನಿಜ ಹೇಳಬಹುದಲ್ಲ,
ಅದಕ್ಕೆಂದೇ ಇಟ್ಟಿದ್ದೇನೆ
ಐದೂವರೆ ಪಾಯಿಂಟಿನ ಅಕ್ಷರ.

ಮ್ಮಾ ಸನಾತು ಬಂದಳು ಒಂದು ಮಧ್ಯಾಹ್ನ,
ತಲೆಯ ಮೇಲೆ ಬೋಗುಣಿ, ಬೆನ್ನಿಗೆ ಮೊಮ್ಮಗಳು ತಿಯುಂಬಾ,
ಕೈಯಲ್ಲಿ ಅಕ್ರಾದ ಡಬ್ಬಿ.
‘ಓದು ಇದನ್ನ. ನಮ್ಮ ಬೆಣ್ಣೆ ಇದೆಯಂತೆ ಇದರಲ್ಲಿ,
ಕೊಂಡುಹೋದವನೇ ಹೇಳಿದ.’

ಅಚ್ಚು ಹಾಕಿದ್ದು ನಾನೇ.
ಓದಿದ್ದು ಮಾತ್ರ ಅವತ್ತೇ ಮೊದಲು.
ನೀರು. ಮಿನರಲ್ ಆಯಿಲ್. ಗ್ಲಿಸರಿನ್.
ಉಸಿರು ಕಟ್ಟಿಸುವ ಮೂರು ಹೆಸರು.
ಆಮೇಲೆ ಪರಿಮಳ.
ಪರಿಮಳಕ್ಕಿಂತಲೂ ಆಚೆ, ಕಟ್ಟಕಡೆಯ ಎಲೆಗೆ
ಕೂತಿತ್ತು ನಮ್ಮ ಶಿಯಾ.

‘ನೀರೇ?’ ಮುದುಕಿ ನಕ್ಕಳು,
ಹಲ್ಲಿಲ್ಲದ ಕಡೆಯಿಂದಲೂ ನಕ್ಕಳು.
‘ನಾವೂ ಹಾಕುತ್ತೇವಲ್ಲ ನೀರು!
ಹುರಿದು, ಬೀಸಿ, ನೀರು ಹುಯ್ದು,
ಮೊಣಕೈ ಮುಳುಗುವಂತೆ ಕಲಸಿ ಕಲಸಿ
ಬೆಳ್ಳಗೆ ತೇಲುವುದನ್ನು ಬಾಚಿಕೊಂಡು
ನೀರನ್ನು ಚೆಲ್ಲುತ್ತೇವೆ.
ಇವರು ನೀರು ಇಟ್ಟುಕೊಂಡು
ಬೆಣ್ಣೆ ಚೆಲ್ಲಿದರೇನು?’

ತಿಯುಂಬಾಳಿಗೆ ನಲವತ್ತು ಲೇಬಲ್ಲು ಬೇಕಿತ್ತು.
ಚೀಟಿಯಲ್ಲಿ ಬರೆದೇ ತಂದಿದ್ದಳು:
ಶಿಯಾ ಬೆಣ್ಣೆ. ಇನ್ನೇನೂ ಇಲ್ಲ.
ಟೈಪು ಮಾಡುತ್ತಿದ್ದೆ. ‘ತಡೆ’ ಎಂದಳು ಮ್ಮಾ.
ಬೋಗುಣಿಯ ಬಟ್ಟೆ ಸರಿಸಿ, ಬಗ್ಗಿ ಮೂಸಿ,
‘ಹೋದ ವರ್ಷದ್ದು ಬೆರೆಸಿದ್ದೇನೆ, ಕಾಲುಭಾಗ.
ಈ ಸಲ ಕಾಯಿ ಸಾಲಲಿಲ್ಲ.’

ಫ್ಯಾನು ಒಂದು ಸುತ್ತು ಕಿರುಗುಟ್ಟಿತು.
‘ಹಳೆಯದೂ ಶಿಯಾನೇ ಅಜ್ಜಿ,’ ಹುಡುಗಿಗೆ ಕೋಪ,
‘ಕೂದಲು ಸೀಳಬೇಡ.
ಕಾನೂನು ಅದನ್ನೆಲ್ಲ ಕೇಳುವುದಿಲ್ಲ.’

‘ಕಾನೂನು ಕೇಳದಿದ್ದರೆ ಬಿಡು,
ಮೂಗು ಕೇಳುತ್ತದೆ.’

ಹಾಗೆ ಅಚ್ಚಾಯಿತು, ಹಿಂದೆ ಅಲ್ಲ, ಮುಂದೆಯೇ,
ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ:
ಈ ವರ್ಷದ್ದು ಮುಕ್ಕಾಲು, ಹೋದ ವರ್ಷದ್ದು ಕಾಲು.
ಹೊಗೆಯ ವಾಸನೆ ಇದೆ, ಅದು ನಮ್ಮ ಒಲೆಯದು.
‘ಎಲೆ ಹಾಕಲಾ?’ ಎಂದೆ.
‘ಶಿಯಾದ್ದಿದ್ದರೆ ಹಾಕು.’
ನನ್ನಲ್ಲಿ ಇರಲಿಲ್ಲ.
ಸುತ್ತ ಹತ್ತು ಮೈಲಿ ಅದೇ ಮರ,
ಕಂಪ್ಯೂಟರಿನಲ್ಲಿ ಒಂದೆಲೆ ಇರಲಿಲ್ಲ.

ಹನ್ನೊಂದು ಡಬ್ಬಿ ಹೋದವಂತೆ ಸಂತೆಯಲ್ಲಿ.
ಇಪ್ಪತ್ತೊಂಬತ್ತು ಉಳಿದವು.
ಒಬ್ಬಳು ಲೇಬಲ್ ಓದಿ, ವಾಪಸ್ಸಿಟ್ಟು,
ಸ್ವಲ್ಪ ದೂರ ಹೋಗಿ, ಮತ್ತೆ ಬಂದು ಎರಡು ಕೊಂಡಳಂತೆ.
ತಿಯುಂಬಾ ಅದನ್ನೇ ಮೂರು ಸಲ ಹೇಳಿದಳು.

ಮರುವಾರ ಅಕ್ರಾದಿಂದ ಆರ್ಡರು: ಐದು ಸಾವಿರ,
ಅದೇ ಕಾಯಿ, ಅದೇ ಪುದೀನ.
ಹಾಕಿಕೊಟ್ಟೆ. ಕರೆಂಟಿನ ಬಿಲ್ಲು ಬಾಕಿ ಇತ್ತು.
ಹಿಂಬದಿಯ ಅಕ್ಷರವನ್ನು ಮಾತ್ರ
ಹೇಳದೆ ಕೇಳದೆ ಆರು ಪಾಯಿಂಟು ಮಾಡಿದೆ.

ಅರ್ಧ ಪಾಯಿಂಟು.
ಕೂದಲೆಳೆಯಷ್ಟು ದಪ್ಪ.
ಅಕ್ರಾದವರು ಇನ್ನೂ ಫೋನು ಮಾಡಿಲ್ಲ.