ಉರುಳು ಬಡಿದು ನೋಡುವುದು

ಉದ್ಯಮಬಾಗ, ರಾತ್ರಿ ಪಾಳಿ. ಹಾಲಿನ ಪಾಕೀಟಿನ ಫಿಲ್ಮು
ನಿಮಿಷಕ್ಕೆ ಇನ್ನೂರು ಮೀಟರು ಓಡುತ್ತಿದೆ.
ಪರದೆ ಮೇಲಿನ ಹಸಿರು ಅಂಕಿ ಹದಿನೆಂಟಕ್ಕೇ ನಿಂತಿದೆ,
ನಾನೂ ಅದನ್ನೇ ನೋಡುತ್ತ ನಿಂತಿದ್ದೇನೆ.

ಗೈಬೂಸಾಬ ಅಂಕಿ ನೋಡುವುದಿಲ್ಲ.
ಸುತ್ತು ಮುಗಿದ ಉರುಳಿಗೆ ಬೆರಳ ಗಂಟಿನಿಂದ ಬಡಿಯುತ್ತಾನೆ,
ಕಲ್ಲಂಗಡಿ ಕೊಳ್ಳುವವನ ಹಾಗೆ ತಲೆ ಓರೆ ಮಾಡಿ.
"ಮ್ಯಾಲ ಗಟ್ಟಿ ಐತಿ ತಂಗಿ. ಒಳಗ ಅಳ್ಳಕ."

ಬಿಗಿಯೆಂದರೆ ಒಂದೇ ಬಿಗಿ ಅಂದುಕೊಂಡಿದ್ದೆ,
ಅವ್ವನ ಕೈಯ ಜಡೆಯಂತೆ, ಬುಡದಿಂದ ತುದಿತನಕ.
"ಕೊಳವಿ ಹತ್ರ ಜಗ್ಗಿ ಹಿಡಿ.
ಹೊಟ್ಟಿ ಬಂದಂಗ ಬಂದಂಗ ಬಿಟಗೊಂತ ಹೋಗು.
ಇಲ್ಲಂದ್ರ ಮ್ಯಾಗಿನ ಸುತ್ತು ಒಳಗಿಂದನ್ನ ಹಿಂಡತೈತಿ,
ನಕ್ಷತ್ರ ಮೂಡತಾವ."

ನಕ್ಷತ್ರ?
ಮೂಲೆಗೆ ತಳ್ಳಿದ ಉರುಳೊಂದರ ಪಕ್ಕೆಗೆ ಟಾರ್ಚು ಹಿಡಿದ.
ನಡುವಿನಿಂದ ಸುಕ್ಕಿನ ಗೆರೆ, ಆರೇಳು ದಿಕ್ಕಿಗೆ.
ಹೊರಗಿನ ಮೈ ಮಾತ್ರ ಕನ್ನಡಿ.
"ಯಾರದಿದು?"
"ನಂದ. ನಿನ್ನಿ ರಾತ್ರಿದು," ಎಂದು ಚಹಾಕ್ಕೆ ಹೋದ.

ಒಬ್ಬಳೇ, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದೆ.
ಹದಿನೆಂಟು ಹದಿನೇಳಾಯಿತು.
ತೂಗುರೋಲರು ಒಮ್ಮೆ ತಲೆ ಹಾಕಿ, ತಡೆದು, ಸುಮ್ಮನಾಯಿತು.
ಕಿಟಕಿಯಾಚೆ ಫೌಂಡ್ರಿಯ ಹೊಗೆ, ಬೆಳಗಾವಿಯ ಚಳಿ.

ಉರುಳು ನಿಂತ ಮೇಲೆ ಬಡಿದೆ.
ಏನೂ ತಿಳಿಯಲಿಲ್ಲ.
ಇನ್ನೊಂದು ಬೆರಳಿಂದ ಬಡಿದೆ.